ಪೆಡಲ್ ಸ್ಟೀಲ್‌ನಲ್ಲಿ ಜೋಡಿ ಸ್ವರಗಳ ಓಟ: ಒತ್ತಿ, ಬಿಟ್ಟು, ನಡುವಿನ ಮೌನ

ಪೆಡಲ್ ಸ್ಟೀಲ್ ಗಿಟಾರ್ ಮುಂದೆ ಮೊದಲ ಸಲ ಕೂತಾಗ ಯಾರಿಗಾದರೂ ಗಾಬರಿಯಾಗುತ್ತದೆ. ಹತ್ತು ತಂತಿ, ಕಾಲಡಿ ಮೂರು ಪೆಡಲ್, ಮಂಡಿಯ ಅಕ್ಕಪಕ್ಕ ನಾಲ್ಕೈದು ಲಿವರ್, ಬಲಗಾಲಿಗೆ ವಾಲ್ಯೂಮ್ ಪೆಡಲ್, ಎಡಗೈಯಲ್ಲಿ ತಂತಿಗಳ ಮೇಲೆ ಜಾರಿಸುವ ಉಕ್ಕಿನ ಬಾರ್, ಬಲಗೈ ಬೆರಳಿಗೆ ತಂತಿ ಮೀಟಲು ಮೂರು ಪಿಕ್. ಕೆಲಸವಿಲ್ಲದೆ ಉಳಿಯುವುದು ಬಾಯಿ ಮಾತ್ರ. ಅದೂ ಸ್ವಲ್ಪ ಹೊತ್ತಿಗೆ ಗೊಣಗಲು ಶುರು ಮಾಡುತ್ತದೆ.

ಈ ಗಾಬರಿಯಲ್ಲಿ ಹೆಚ್ಚಿನವರು ಸಿದ್ಧ ಸ್ವರತುಣುಕುಗಳ, ಅಂದರೆ ಲಿಕ್‌ಗಳ ಬೆನ್ನು ಹತ್ತುತ್ತಾರೆ. ನಾನೂ ಅದನ್ನೇ ಮಾಡಿದೆ. ವರ್ಷ ಕಳೆದ ಮೇಲೆ ನೋಡಿದರೆ ಇಪ್ಪತ್ತು ಲಿಕ್ ಬಾಯಿಪಾಠ, ಆದರೆ ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿ ಗೊತ್ತಿಲ್ಲ. ಆ ದಾರಿ ಹಾರ್ಮೊನೈಸ್ಡ್ ಸ್ಕೇಲ್. ಅಂದರೆ ಸ್ಕೇಲಿನ ಪ್ರತಿ ಸ್ವರಕ್ಕೂ ಅದೇ ಸ್ಕೇಲಿನ ಇನ್ನೊಂದು ಸ್ವರವನ್ನು ಜೊತೆ ಮಾಡಿ, ಎರಡನ್ನೂ ಒಟ್ಟಿಗೆ ಹತ್ತಿಸುವುದು, ಇಳಿಸುವುದು. ಎಲ್ಲಿ ಯಾವ ಫ್ರೆಟ್ (ಬಾರ್ ಇಡುವ ಜಾಗ ತೋರಿಸುವ ಗೆರೆ, ಗೆರೆಗೊಂದು ಅರ್ಧ ಸ್ವರ), ಯಾವ ಪೆಡಲ್ ಅನ್ನುವ ನಕ್ಷೆ ಅರ್ಧ ಗಂಟೆಯಲ್ಲಿ ತಲೆಗೆ ಹತ್ತುತ್ತದೆ. ತಿಂಗಳುಗಟ್ಟಲೆ ಹಿಡಿಯುವುದು ಒಂದು ಜೋಡಿಯಿಂದ ಮುಂದಿನ ಜೋಡಿಗೆ ಹೋಗುವ ಆ ಕ್ಷಣ. ಹಾಗಾಗಿ ಈ ಲೇಖನದಲ್ಲಿ ಸ್ವರಗಳಿಗಿಂತ ಅವುಗಳ ನಡುವಿನ ಜಾಗದ ಮಾತೇ ಜಾಸ್ತಿ.

ಮೊದಲು ಗಿಟಾರ್ ಒಂದೇ ಅಂತ ಖಚಿತ ಮಾಡಿಕೊಳ್ಳೋಣ

ಇಲ್ಲಿ ಹೇಳುವುದೆಲ್ಲ ಇ9 ಟ್ಯೂನಿಂಗಿನ ಹತ್ತು ತಂತಿಯ ಗಿಟಾರ್‌ಗೆ. ನಿಮ್ಮಿಂದ ಅತಿ ದೂರದ ತಂತಿ 1, ಹತ್ತಿರದ್ದು 10. ಸ್ವರಗಳು ಕ್ರಮವಾಗಿ (ಶಾರ್ಪ್ ಅಂದರೆ ಅರ್ಧ ಸ್ವರ ಮೇಲೆ) ಎಫ್ ಶಾರ್ಪ್, ಡಿ ಶಾರ್ಪ್, ಜಿ ಶಾರ್ಪ್, ಇ, ಬಿ, ಜಿ ಶಾರ್ಪ್, ಎಫ್ ಶಾರ್ಪ್, ಇ, ಡಿ, ಬಿ. ಇದರಲ್ಲಿ ಒಂದು ತಮಾಷೆ ಇದೆ: ಅತಿ ಎತ್ತರದ ಸ್ವರ 1ನೇ ತಂತಿಯದಲ್ಲ, 3ನೇದರದ್ದು. ಪದೇ ಪದೇ ತುಂಡಾಗುವುದೂ ಅದೇ. ಒಂದೆರಡು ಹೆಚ್ಚುವರಿ ಇಟ್ಟುಕೊಂಡಿರಿ.

ಪೆಡಲ್‌ಗಳ ವಿಷಯ. ಎಡದಿಂದ ಎ, ಬಿ, ಸಿ ಅಂತ ಇರುವುದು ಎಮನ್ಸ್ ಸೆಟಪ್. ಇದೇ ತಿರುಗಿ ಸಿ, ಬಿ, ಎ ಆಗಿದ್ದರೆ ಡೇ ಸೆಟಪ್. ಸ್ಟೀಲ್ ವಾದಕರಾದ ಬಡ್ಡಿ ಎಮನ್ಸ್ ಮತ್ತು ಜಿಮ್ಮಿ ಡೇ ಅವರ ಹೆಸರಿನಿಂದ ಬಂದ ರೂಢಿ. ನಿಮ್ಮದು ಯಾವುದೇ ಇರಲಿ, ಪೆಡಲಿನ ಕೆಲಸ ಒಂದೇ:

ಎ ಪೆಡಲ್: 5 ಮತ್ತು 10ನೇ ತಂತಿಯ ಬಿ ಸ್ವರವನ್ನು ಸಿ ಶಾರ್ಪ್‌ಗೆ ಏರಿಸುತ್ತದೆ. ಎರಡು ಫ್ರೆಟ್‌ನಷ್ಟು.
ಬಿ ಪೆಡಲ್: 3 ಮತ್ತು 6ನೇ ತಂತಿಯ ಜಿ ಶಾರ್ಪನ್ನು ಎ ಸ್ವರಕ್ಕೆ ಏರಿಸುತ್ತದೆ. ಒಂದು ಫ್ರೆಟ್‌ನಷ್ಟು.
ಸಿ ಪೆಡಲ್: 4ನೇ ತಂತಿಯ ಇ ಸ್ವರವನ್ನು ಎಫ್ ಶಾರ್ಪ್‌ಗೆ, 5ನೇದರ ಬಿ ಸ್ವರವನ್ನು ಸಿ ಶಾರ್ಪ್‌ಗೆ ಏರಿಸುತ್ತದೆ.

ಪೆಡಲಿಗೂ ಸ್ವರಕ್ಕೂ ಅದೇ ಅಕ್ಷರ ಇಟ್ಟವರಿಗೆ ಏನು ಹೇಳುವುದೋ ಗೊತ್ತಿಲ್ಲ. ಇಲ್ಲಿ ಗೊಂದಲ ಆಗದಿರಲಿ ಅಂತ ಎ ಮತ್ತು ಬಿ ಪೆಡಲ್ ಎರಡೂ ಕೆಳಗಿದ್ದರೆ "ಒತ್ತಿ" ಅಂತಲೂ, ಎರಡೂ ಮೇಲಿದ್ದರೆ "ಬಿಟ್ಟು" ಅಂತಲೂ ಬರೆಯುತ್ತೇನೆ. ಪಾದ ಎರಡು ಪೆಡಲ್‌ಗಳ ನಡುವೆ ಅಡ್ಡ ಕೂತು, ಎರಡನ್ನೂ ಒಂದೇ ಸಲ ಕೆಳಗೆ ಕಳಿಸಬೇಕು. ತೊಡೆಯಿಂದ ತುಳಿಯಬೇಡಿ. ಹಿಮ್ಮಡಿ ನೆಲದ ಮೇಲಿರಲಿ, ಕೆಲಸ ಕಣಕಾಲಿನದು.

ಪೆಡಲ್ ಯಾಕೆ ಬೇಕಾಯಿತು

ಮೇಜರ್ ಸ್ಕೇಲಿನಲ್ಲಿ ಒಂದು ಸ್ವರ ಬಿಟ್ಟು ಮುಂದಿನದನ್ನು ಜೊತೆ ಮಾಡಿದರೆ ಥರ್ಡ್ ಸಿಗುತ್ತದೆ. ಜಿ ಮೇಜರ್‌ನಲ್ಲಿ ಜಿ–ಬಿ, ಎ–ಸಿ, ಬಿ–ಡಿ, ಹೀಗೆ. ಎಲ್ಲ ಜೋಡಿಗಳ ಅಂತರ ಒಂದೇ ಅಲ್ಲ. ಜಿ–ಬಿ ನಡುವೆ ನಾಲ್ಕು ಫ್ರೆಟ್, ಅದು ಮೇಜರ್. ಎ–ಸಿ ನಡುವೆ ಮೂರೇ, ಅದು ಮೈನರ್. ಪೂರ್ತಿ ಸ್ಕೇಲಿನಲ್ಲಿ ಈ ಕ್ರಮ: ಮೇಜರ್, ಮೈನರ್, ಮೈನರ್, ಮೇಜರ್, ಮೇಜರ್, ಮೈನರ್, ಮೈನರ್.

ಬಾರ್ ನೆಟ್ಟಗಿನ ಕಂಬಿ. ಅದನ್ನು ಎಲ್ಲಿಗೆ ಜಾರಿಸಿದರೂ ಎರಡು ತಂತಿಗಳ ನಡುವಿನ ಅಂತರ ಬದಲಾಗುವುದಿಲ್ಲ. ಪೆಡಲ್ ಇಲ್ಲದ ಸ್ಟೀಲ್‌ನಲ್ಲಿ ಇದಕ್ಕಾಗಿ ಬಾರನ್ನು ಓರೆ ಮಾಡಿ ಹಿಡಿಯಬೇಕು. ಪೆಡಲ್ ಬಂದದ್ದರಿಂದ ಬಾರ್ ನೆಟ್ಟಗೇ ಇದ್ದು, ಅಂತರ ಬದಲಿಸುವ ಕೆಲಸ ಕಾಲಿಗೆ ಹೋಯಿತು. 1954ರಲ್ಲಿ ಹಿಟ್ ಆದ, ವಾದಕ ಬಡ್ ಐಸಾಕ್ಸ್ ನುಡಿಸಿದ ಒಂದು ಹಾಡು ಈ ಪೆಡಲ್ ಸದ್ದನ್ನು ಎಲ್ಲರ ಕಿವಿಗೆ ಮುಟ್ಟಿಸಿತು. ಅವರ ಪೆಡಲ್ ಎರಡೂ ಸ್ವರಗಳನ್ನು ಒಟ್ಟಿಗೆ ಎಳೆಯುತ್ತಿತ್ತು. ಆಮೇಲೆ ಎಮನ್ಸ್ ಅದನ್ನು ಎ ಮತ್ತು ಬಿ ಅಂತ ಎರಡು ಪೆಡಲ್‌ಗಳಾಗಿ ಒಡೆದರು. ನಾವು "ಒತ್ತಿ" ಅನ್ನುವಾಗ ಐಸಾಕ್ಸ್ ಅವರ ಆ ಹಳೆಯ ಒಂಟಿ ಪೆಡಲಿನ ಕೆಲಸವನ್ನೇ ಮಾಡುತ್ತಿರುತ್ತೇವೆ.

ಈಗ 5 ಮತ್ತು 6ನೇ ತಂತಿ ನೋಡಿ. ಬಿಟ್ಟಾಗ ಜಿ ಶಾರ್ಪ್–ಬಿ, ಮೈನರ್ ಥರ್ಡ್. ಒತ್ತಿದಾಗ ಎ–ಸಿ ಶಾರ್ಪ್, ಮೇಜರ್ ಥರ್ಡ್. ಸ್ಕೇಲಿಗೆ ಬೇಕಾದ ಎರಡೂ ಅಂತರ ಸಿಕ್ಕಿಬಿಟ್ಟವು. ಬಾಕಿ ಉಳಿದದ್ದು ಎಲ್ಲಿ ಅನ್ನುವುದಷ್ಟೇ.

ಮಗ್ಗಿ

ಜಿ ಮೇಜರ್‌ನಲ್ಲಿ, 6 ಮತ್ತು 5ನೇ ತಂತಿಯ ಮೇಲೆ (ಮೊದಲ ಅಂಕಿ ಫ್ರೆಟ್):

3 ಬಿಟ್ಟು: ಬಿ–ಡಿ
3 ಒತ್ತಿ: ಸಿ–ಇ
5 ಒತ್ತಿ: ಡಿ–ಎಫ್ ಶಾರ್ಪ್
8 ಬಿಟ್ಟು: ಇ–ಜಿ
10 ಬಿಟ್ಟು: ಎಫ್ ಶಾರ್ಪ್–ಎ
10 ಒತ್ತಿ: ಜಿ–ಬಿ
13 ಬಿಟ್ಟು: ಎ–ಸಿ
15 ಬಿಟ್ಟು: ಬಿ–ಡಿ

ಇದನ್ನು ಮೊದಲು ಗಿಟಾರ್ ಮುಟ್ಟದೆ ಬಾಯಲ್ಲಿ ಹೇಳಿ. ಮೂರು ಬಿಟ್ಟು, ಮೂರು ಒತ್ತಿ, ಐದು ಒತ್ತಿ, ಎಂಟು ಬಿಟ್ಟು, ಹತ್ತು ಬಿಟ್ಟು, ಹತ್ತು ಒತ್ತಿ, ಹದಿಮೂರು ಬಿಟ್ಟು, ಹದಿನೈದು ಬಿಟ್ಟು. ಮಗ್ಗಿ ಹೇಳಿದ ಹಾಗೆ ಹೇಳಿ. ಹೇಳುತ್ತಾ ಎಡಗಾಲು ಆಡಿಸಿ. ಆಮೇಲೆ ತಿರುಗಿಸಿ ಹೇಳಿ. ಹತ್ತುವಾಗ ಚೆನ್ನಾಗಿ ಬಂದದ್ದು ಇಳಿಯುವಾಗ ತೊದಲುತ್ತದೆ. ತೊದಲಿದ ಜಾಗವನ್ನು ಗುರುತಿಟ್ಟುಕೊಳ್ಳಿ, ಕೈಯೂ ಅಲ್ಲೇ ತೊದಲುತ್ತದೆ.

ಸ್ಕೇಲ್ ಜಿ ಸ್ವರದಿಂದ ಯಾಕೆ ಶುರುವಾಗಲಿಲ್ಲ ಅಂತ ಕೇಳಬಹುದು. ಈ ಜೋಡಿ ತಂತಿಯಲ್ಲಿ ಜಿ–ಬಿ ಸಿಗುವುದು 10ನೇ ಫ್ರೆಟ್‌ನಲ್ಲಿ, ಅದರ ಕೆಳಗಿನದಕ್ಕೆ ಗಿಟಾರಿನಲ್ಲಿ ಜಾಗವೇ ಇಲ್ಲ. ಇದು ಒಳ್ಳೆಯದೇ. ಸ್ಕೇಲನ್ನು ಯಾವಾಗಲೂ ಮೊದಲ ಸ್ವರದಿಂದಲೇ ಶುರು ಮಾಡುವ ಚಟ ಇದರಿಂದ ಬಿಡುತ್ತದೆ.

ಮೂರು ಬಗೆಯ ಹೆಜ್ಜೆ

ಮಗ್ಗಿಯಲ್ಲಿ ಏಳು ಹೆಜ್ಜೆಗಳಿವೆ. ಎರಡರಲ್ಲಿ ಕಾಲು ಮಾತ್ರ ಆಡುತ್ತದೆ: 3 ಬಿಟ್ಟು–3 ಒತ್ತಿ, 10 ಬಿಟ್ಟು–10 ಒತ್ತಿ. ಮೂರರಲ್ಲಿ ಬಾರ್ ಮಾತ್ರ ಜಾರುತ್ತದೆ: 3ರಿಂದ 5, 8ರಿಂದ 10, 13ರಿಂದ 15. ಇವು ಸುಲಭ. ನಾಲ್ಕು ದಿನದಲ್ಲಿ ಕೈಗೆ ಬರುತ್ತವೆ.

ಉಳಿದ ಎರಡು ಮಿಶ್ರ ಹೆಜ್ಜೆಗಳು: 5 ಒತ್ತಿದ್ದು 8 ಬಿಟ್ಟು ಆಗುವುದು, 10 ಒತ್ತಿದ್ದು 13 ಬಿಟ್ಟು ಆಗುವುದು. ಇಲ್ಲಿ ಬಾರ್ ಮೇಲಕ್ಕೆ ಜಾರಬೇಕು, ಪೆಡಲ್ ಬಿಡಬೇಕು, ಎರಡೂ ಒಂದೇ ಸಲ. ಪೂರ್ತಿ ಅಭ್ಯಾಸದ ಪ್ರಾಣ ಇರುವುದು ಈ ಎರಡರಲ್ಲೇ.

5ರಿಂದ 8ರ ಹೆಜ್ಜೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಹೊರಡುವುದು ಡಿ–ಎಫ್ ಶಾರ್ಪ್‌ನಿಂದ, ಮುಟ್ಟಬೇಕಾದದ್ದು ಇ–ಜಿ. ಕಾಲು ಮೊದಲು ಎದ್ದರೆ ಬಾರ್ ಇನ್ನೂ 5ರಲ್ಲೇ ಇರುತ್ತದೆ. ಆಗ ಕೇಳಿಸುವುದು ಸಿ ಶಾರ್ಪ್–ಇ. ಮೇಲಕ್ಕೆ ಹೋಗಬೇಕಾದ ಸ್ವರ ಮೊದಲು ಕುಸಿದು, ಆಮೇಲೆ ಏಳುತ್ತದೆ. ಕಾಲು ತಡವಾದರೆ ಬಾರ್ 8 ಮುಟ್ಟಿದಾಗ ಪೆಡಲ್ ಇನ್ನೂ ಕೆಳಗೆ. ಆಗ ಎಫ್–ಎ ಕೇಳಿಸಿ, ಹಾರಿ ಬಿದ್ದ ಹಾಗೆ ವಾಪಸ್ ಬರುತ್ತದೆ. ಎರಡೂ ತಪ್ಪುಗಳಿಗೆ ಬೇರೆ ಬೇರೆ ಸದ್ದು. ಯಾವುದು ನಿಮ್ಮದು ಅಂತ ಕಿವಿಯಲ್ಲೇ ಕಂಡುಹಿಡಿಯಬಹುದು.

ಇನ್ನೂ ಒಂದು ಗಮನಿಸಿ. 6ನೇ ತಂತಿಯಲ್ಲಿ ಬಾರ್ ಮೂರು ಫ್ರೆಟ್ ಏರಿಸುತ್ತದೆ, ಪೆಡಲ್ ಒಂದು ಇಳಿಸುತ್ತದೆ, ಉಳಿದದ್ದು ಎರಡು. 5ನೇ ತಂತಿಯಲ್ಲಿ ಬಾರ್ ಮೂರು ಏರಿಸಿದರೆ ಪೆಡಲ್ ಎರಡು ಇಳಿಸುತ್ತದೆ, ಉಳಿದದ್ದು ಒಂದೇ. ಅಂದರೆ ಜಗ್ಗಾಟ ಜಾಸ್ತಿ ಇರುವುದು 5ನೇ ತಂತಿಯಲ್ಲಿ. ಸಮಯ ತಪ್ಪಿದರೆ ಮೊದಲು ಗೊತ್ತಾಗುವುದೂ ಅಲ್ಲೇ. ಹಾಗಾಗಿ ಈ ಹೆಜ್ಜೆಯನ್ನು ಮೊದಲು 5ನೇ ತಂತಿ ಒಂದನ್ನೇ ಮೀಟಿ ಅಭ್ಯಾಸ ಮಾಡಿ. ಎಫ್ ಶಾರ್ಪ್‌ನಿಂದ ಜಿ. ಬರೀ ಅರ್ಧ ಸ್ವರದ ಏರಿಕೆ, ಆದರೆ ಅದಕ್ಕೆ ಕೈ ಮೂರು ಫ್ರೆಟ್ ಓಡುತ್ತಿದೆ, ಕಾಲು ಬೇರೆ ಎದುರು ದಿಕ್ಕಿಗೆ ಎಳೆಯುತ್ತಿದೆ. ವಿಚಿತ್ರ ಅಲ್ವಾ?

ಅಭ್ಯಾಸದ ಕ್ರಮ ಹೀಗಿರಲಿ. ಎಣಿಕೆ ಬಡಿಯುವ ಮೆಟ್ರೊನೋಮನ್ನು ನಿಮಿಷಕ್ಕೆ 60ಕ್ಕೆ ಇಡಿ.

ಮೊದಲು, ಮೌನದೊಂದಿಗೆ. ಒಂದನೇ ಎಣಿಕೆಗೆ 5 ಒತ್ತಿ ಮೀಟಿ. ಎರಡನೇ ಎಣಿಕೆಗೆ ಅಂಗೈ ಅಂಚಿನಿಂದ ತಂತಿ ಮುಚ್ಚಿ. ಆ ಮೌನದಲ್ಲೇ ಬಾರ್ ಮತ್ತು ಕಾಲು ಎರಡೂ ಜಾಗ ಬದಲಿಸಲಿ. ಮೂರಕ್ಕೆ 8 ಬಿಟ್ಟು ಮೀಟಿ. ನಾಲ್ಕಕ್ಕೆ ಮತ್ತೆ ಮೌನ, ವಾಪಸ್. ಹತ್ತು ಸುತ್ತು. ಸದ್ದಿಲ್ಲದಾಗ ಸಮಯ ತಪ್ಪಿದರೂ ಯಾರಿಗೂ ಕೇಳುವುದಿಲ್ಲ, ಅದಕ್ಕೇ ಇಲ್ಲಿಂದ ಶುರು.

ಆಮೇಲೆ ಮೌನವನ್ನು ಅರ್ಧ ಮಾಡಿ. ಸ್ವರ ಒಂದೂವರೆ ಎಣಿಕೆ ಇರಲಿ, ಮೌನ ಅರ್ಧ ಎಣಿಕೆ. ಆಮೇಲೆ ಕಾಲು ಎಣಿಕೆ. ಮೌನ ಚಿಕ್ಕದಾದಷ್ಟೂ ಕೈಕಾಲು ಒಂದೇ ಸಲ ಹೊರಡುವುದನ್ನು ಕಲಿಯುತ್ತವೆ.

ಕೊನೆಗೆ ಮುಚ್ಚದೆ ಜಾರಿಸಿ. ಒಮ್ಮೆ ಮೀಟಿ, ಸದ್ದು ಉಳಿದಿರುವಾಗಲೇ 5ರಿಂದ 8ಕ್ಕೆ. ಇಲ್ಲಿ ಕುಸಿತವೂ ಇರಬಾರದು, ಹಾರಿಕೆಯೂ ಇರಬಾರದು. ಮೊದಲ ದಿನ ಹತ್ತರಲ್ಲಿ ಎರಡು ಸರಿ ಬಂದರೆ ಅದೇ ದೊಡ್ಡದು. ಮೂರನೇ ಹಂತಕ್ಕೆ ನೇರ ಜಿಗಿದವರನ್ನು ನಾನು ನೋಡಿದ್ದೇನೆ. ಕನ್ನಡಿಯಲ್ಲೂ ನೋಡಿದ್ದೇನೆ.

ಬಲಗೈ: ಮೀಟುವುದಕ್ಕಿಂತ ಮುಚ್ಚುವುದು ಮುಖ್ಯ

ಹೆಬ್ಬೆರಳಿಗೆ ಪ್ಲಾಸ್ಟಿಕ್ ಪಿಕ್, ತೋರುಬೆರಳು ಮತ್ತು ನಡುಬೆರಳಿಗೆ ಲೋಹದ ಪಿಕ್. ಉಂಗುರ ಬೆರಳು, ಕಿರುಬೆರಳು ಒಳಗೆ ಮಡಚಿರಲಿ. ಕೈ ತಂತಿಗಳ ಮೇಲೆ ಹಗುರವಾಗಿ ಒರಗಿರಬೇಕು, ಗಾಳಿಯಲ್ಲಿ ತೇಲುತ್ತಿರಬಾರದು.

ತಂತಿ ಮುಚ್ಚಲು ಎರಡು ದಾರಿ. ಪಾಮ್ ಬ್ಲಾಕಿಂಗ್‌ನಲ್ಲಿ ಮೀಟಿದ ಮೇಲೆ ಅಂಗೈಯ ಹೊರ ಅಂಚು ತಂತಿಗೆ ತಾಗುತ್ತದೆ. ಪಿಕ್ ಬ್ಲಾಕಿಂಗ್‌ನಲ್ಲಿ ಮೀಟಿದ ಬೆರಳೇ ಮತ್ತೆ ಅದೇ ತಂತಿಗೆ ಮರಳಿ ಕೂರುತ್ತದೆ. ಯಾವುದು ಮೇಲು ಅನ್ನುವ ಜಗಳಕ್ಕೆ ಕೊನೆಯಿಲ್ಲ. ನನ್ನ ಮಟ್ಟಿಗೆ, ಜೋಡಿಯಾಗಿ ಒಟ್ಟಿಗೆ ಮೀಟುವಾಗ ಅಂಗೈ ಸುಲಭ, ಒಂದೊಂದೇ ತಂತಿಯ ವೇಗದ ಓಟಕ್ಕೆ ಪಿಕ್ ಸುಲಭ. ಎರಡೂ ಕಲಿಯಿರಿ, ಕೈ ತನಗೆ ಬೇಕಾದದ್ದನ್ನು ಆರಿಸಿಕೊಳ್ಳುತ್ತದೆ.

ಮಗ್ಗಿಯ ಎಂಟು ಜಾಗಗಳ ಮೇಲೂ ಈ ಪ್ಯಾಟರ್ನ್‌ಗಳನ್ನು ಒಂದೊಂದಾಗಿ ಓಡಿಸಿ. 6ಕ್ಕೆ ಹೆಬ್ಬೆರಳು, 5ಕ್ಕೆ ತೋರುಬೆರಳು.

ಒಂದು, ಚಿವುಟು: ಎರಡೂ ತಂತಿ ಒಟ್ಟಿಗೆ, ಜಾಗಕ್ಕೆ ಒಂದು ಸಲ. ಎರಡು ತಂತಿಗಳ ಸದ್ದು ಸಮವಾಗಿದೆಯಾ ಕೇಳಿ. ಹೆಚ್ಚಿನವರಿಗೆ ಹೆಬ್ಬೆರಳು ಜೋರು. ಕೇಳುಗನ ಕಿವಿಗೆ ರಾಗ ಅನಿಸುವುದು ಮೇಲಿನ ಸ್ವರ, ಅಂದರೆ ತೋರುಬೆರಳಿನದು. ಅದನ್ನು ಕೂದಲೆಳೆಯಷ್ಟು ಜೋರು ಮಾಡಿ.

ಎರಡು, ಒಡೆದದ್ದು: 6, 5, 6, 5. ಎಣಿಕೆಗೆ ಎರಡು ಸ್ವರ. 5 ಮೀಟಿದ ಕ್ಷಣದಲ್ಲೇ ಹೆಬ್ಬೆರಳು 6ರ ಮೇಲೆ ವಾಪಸ್ ಕೂತಿರಬೇಕು. ಇದೇ ಪಿಕ್ ಬ್ಲಾಕಿಂಗ್‌ನ ಮೊದಲ ಪಾಠ.

ಮೂರು, ತಿರುಗಿಸಿದ್ದು: 5, 6, 5, 6. ಸುಮ್ನೆ ಕ್ರಮ ಬದಲಿಸಿದ್ದು ಅನಿಸುತ್ತದೆ, ಆದರೆ ಜಾಗ ಬದಲಿಸುವಾಗ ಎಡವುತ್ತೀರಿ. ಹೊಸ ಫ್ರೆಟ್‌ನ ಮೊದಲ ಸ್ವರ ಈಗ ಜಗ್ಗಾಟ ಜಾಸ್ತಿ ಇರುವ 5ನೇ ತಂತಿಯದು ನೋಡಿ.

ನಾಲ್ಕು, ಚಿವುಟಿ ಓಡುವುದು: ಒಟ್ಟಿಗೆ, 6, 5, 6. ನಾಲ್ಕು ಸ್ವರಕ್ಕೆ ಒಂದು ಜಾಗ.

ಐದು, ಅರ್ಧ ಮೀಟು: 3 ಬಿಟ್ಟು ಮೀಟಿ, 3 ಒತ್ತಿಗೆ ಮೀಟದೆ ಪೆಡಲ್ ಮಾತ್ರ ಒತ್ತಿ. 5 ಒತ್ತಿ ಮೀಟಿ, 8 ಬಿಟ್ಟುಗೆ ಮೀಟದೆ ಜಾರಿ. ಹೀಗೆ ಎರಡು ಜಾಗಕ್ಕೆ ಒಂದೇ ಮೀಟು. ಹಾಡಿನ ನಡುವೆ ಸ್ಟೀಲ್ "ಅಳುತ್ತದೆ" ಅನ್ನುತ್ತಾರಲ್ಲ, ಅದು ಇದರಿಂದಲೇ.

ಈಗ ನಡುಬೆರಳನ್ನೂ ಕರೆಯಿರಿ. 6, 5, 4 ತಂತಿಗಳ ಮೇಲೆ ಹೆಬ್ಬೆರಳು, ತೋರುಬೆರಳು, ನಡುಬೆರಳು ಉರುಳಿಸಿ, ಎಣಿಕೆಗೆ ಮೂರು ಸ್ವರ. ಎ, ಬಿ ಪೆಡಲ್ 4ನೇ ತಂತಿಯನ್ನು ಮುಟ್ಟುವುದಿಲ್ಲ, ಅದು ಬಾರ್ ಜೊತೆ ಮಾತ್ರ ಹೋಗುತ್ತದೆ. ಆಗ ಮಗ್ಗಿಯ ಪ್ರತಿ ಜಾಗವೂ ಒಂದು ಕಾರ್ಡ್, ಅಂದರೆ ಒಟ್ಟಿಗೆ ಹೊಂದುವ ಮೂರು ಸ್ವರಗಳ ಗುಂಪು, ಆಗುತ್ತದೆ: 3 ಬಿಟ್ಟು ಜಿ, 3 ಒತ್ತಿ ಸಿ, 5 ಒತ್ತಿ ಡಿ, 8 ಬಿಟ್ಟು ಸಿ, 10 ಬಿಟ್ಟು ಡಿ, 10 ಒತ್ತಿ ಜಿ. ಅರ್ಧ ಹಾಡುಗಳು ಈ ಮೂರು ಕಾರ್ಡ್‌ಗಳಲ್ಲೇ ಮುಗಿಯುತ್ತವೆ. ಆದರೆ 13ರಲ್ಲಿ ಹುಷಾರು. ಅಲ್ಲಿ 4ನೇ ತಂತಿ ಎಫ್ ಸ್ವರ ಕೊಡುತ್ತದೆ, ಕಾರ್ಡ್ ಎಫ್ ಮೇಜರ್ ಆಗಿಬಿಡುತ್ತದೆ. ಜಿ ಸ್ಕೇಲಿನಲ್ಲಿ ಇರುವುದು ಎಫ್ ಶಾರ್ಪ್. ಬೇಕಂತಲೇ ಹಾಕಿದರೆ ಚೆಂದ, ಗೊತ್ತಿಲ್ಲದೆ ಬಿದ್ದರೆ ಜೊತೆಗಾರರು ತಿರುಗಿ ನೋಡುತ್ತಾರೆ. ಅಭ್ಯಾಸದಲ್ಲಿ 13ಕ್ಕೆ ಬಂದಾಗ 4ನೇ ತಂತಿ ಮುಟ್ಟದೆ 6, 5, 6 ಅಂತ ಉರುಳಿಸಿ.

ಬಲಗೈಗೆ ಮಾತ್ರ ಒಂದು ವ್ಯಾಯಾಮ. ಬಾರ್ 3ನೇ ಫ್ರೆಟ್ ಮೇಲೆ ಸ್ಥಿರ, ಕಾಲು ಬಿಟ್ಟು. 10-8-6, 8-6-5, 6-5-4, 5-4-3. ಪ್ರತಿ ಗುಂಪಿಗೂ ಹೆಬ್ಬೆರಳು, ತೋರು, ನಡು. ಹನ್ನೆರಡು ಸ್ವರ, ನಾಲ್ಕು ಎಣಿಕೆ, ತಾಳದ ಒಂದು ಸುತ್ತು ಸರಿಯಾಗಿ ತುಂಬುತ್ತದೆ. ವಾಪಸ್ ಬರುವಾಗ 3-4-5, 4-5-6, 5-6-8, 6-8-10, ಬೆರಳು ನಡು, ತೋರು, ಹೆಬ್ಬೆರಳು. 7 ಮತ್ತು 9ನೇ ತಂತಿಯನ್ನು ಹಾರಿಸಬೇಕಾದ ಜಾಗದಲ್ಲಿ ಕೈ ನೋಡದೆ ದಾರಿ ಕಂಡುಕೊಳ್ಳಬೇಕು. ಎರಡು ವಾರ ಕಣ್ಣು ಬಲಗೈ ಮೇಲೇ ಇರುತ್ತದೆ, ಪರವಾಗಿಲ್ಲ.

ಅದೇ ಮಗ್ಗಿ, ಬೇರೆ ತಂತಿ

6ನೇ ತಂತಿಯೂ 3ನೇದೂ ಒಂದೇ ಸ್ವರ, ಒಂದು ಅಷ್ಟಕ ಅಂತರ. 5 ಮತ್ತು 10 ಕೂಡ ಹಾಗೇ. ಪೆಡಲ್‌ಗಳೂ ಅವನ್ನು ಜೋಡಿಯಾಗಿಯೇ ಎಳೆಯುತ್ತವೆ. ಅಂದರೆ ಮೇಲಿನ ಮಗ್ಗಿ ಒಂದಕ್ಷರ ಬದಲಾಗದೆ 5-3ರ ಮೇಲೂ ಓಡುತ್ತದೆ, 10-6ರ ಮೇಲೂ ಓಡುತ್ತದೆ. ಥರ್ಡ್ ತಲೆಕೆಳಗಾಗಿ ಸಿಕ್ಸ್ತ್ (ಆರು ಸ್ವರಗಳ ಅಂತರ) ಆಗುತ್ತದೆ, ಸದ್ದು ಇನ್ನಷ್ಟು ಅಗಲ. ಇಲ್ಲಿ ಹೆಬ್ಬೆರಳು ಮತ್ತು ನಡುಬೆರಳು ಬಳಸಿ. 5-3ರಲ್ಲಿ ತೋರುಬೆರಳು 4ರ ಮೇಲೆ ಸುಮ್ನೆ ಕೂತಿರಲಿ, ಅದು ಗುಂಯ್‌ಗುಡದ ಹಾಗೆ ಕಾಯುತ್ತದೆ.

ಒಂದು ಮಗ್ಗಿಯಿಂದ ಮೂರು ಜೋಡಿ. ಇದು ತಿಳಿದ ದಿನ ನಾನು ಅಭ್ಯಾಸ ಬಿಟ್ಟು ಸುಮಾರು ಹೊತ್ತು ಸುಮ್ಮನೆ ಕೂತಿದ್ದೆ. ಅಷ್ಟು ದಿನ ಮೂರನ್ನೂ ಬೇರೆ ಬೇರೆಯಾಗಿ ಉರು ಹೊಡೆದಿದ್ದೆ.

ಎರಡನೇ ಮಗ್ಗಿ 6 ಮತ್ತು 4ನೇ ತಂತಿಯದು. ಇದರಲ್ಲಿ ಪಾದ ಬಲಕ್ಕೆ (ಡೇ ಸೆಟಪ್ ಆದರೆ ಎಡಕ್ಕೆ) ಸರಿದು ಬಿ ಮತ್ತು ಸಿ ಪೆಡಲ್ ಮೇಲೆ ಕೂರುತ್ತದೆ. "ಬಿಸಿ" ಅಂತ ಕರೆಯೋಣ, ನೆನಪಿಡಲು ಸುಲಭ.

3 ಬಿಟ್ಟು: ಬಿ–ಜಿ
3 ಬಿಸಿ: ಸಿ–ಎ
5 ಬಿಸಿ: ಡಿ–ಬಿ
8 ಬಿಟ್ಟು: ಇ–ಸಿ
10 ಬಿಟ್ಟು: ಎಫ್ ಶಾರ್ಪ್–ಡಿ
10 ಬಿಸಿ: ಜಿ–ಇ
12 ಬಿಸಿ: ಎ–ಎಫ್ ಶಾರ್ಪ್
15 ಬಿಟ್ಟು: ಬಿ–ಜಿ

ಮೇಲಿನ ಸ್ವರ ಜಿಯಿಂದ ಜಿಗೆ ಪೂರ್ತಿ ಸ್ಕೇಲ್ ಹತ್ತುತ್ತದೆ. ನಡುವೆ 5ನೇ ತಂತಿ ಸೇರಿಸಿದರೆ ಸಾಲಾಗಿ ಜಿ, ಎ ಮೈನರ್, ಬಿ ಮೈನರ್, ಸಿ, ಡಿ, ಇ ಮೈನರ್ ಕಾರ್ಡ್‌ಗಳು. 12ರಲ್ಲಿ ಮಾತ್ರ 5ನೇ ತಂತಿ ಸಿ ಶಾರ್ಪ್ ಕೊಟ್ಟು ಸ್ಕೇಲಿನ ಹೊರಗೆ ಹೋಗುತ್ತದೆ. ಅಲ್ಲಿ ಎರಡೇ ತಂತಿ ಮೀಟಿ, ತೋರುಬೆರಳಿನಿಂದ 5ನ್ನು ಮುಚ್ಚಿಕೊಳ್ಳಿ.

ಇ ಸ್ವರವನ್ನು ಎಫ್‌ಗೆ ಏರಿಸುವ ಮಂಡಿ ಲಿವರ್ ಇದೆಯಲ್ಲ, ಎಮನ್ಸ್ ಸೆಟಪ್‌ನಲ್ಲಿ ಸಾಮಾನ್ಯವಾಗಿ ಎಡ ಮಂಡಿಯನ್ನು ಎಡಕ್ಕೆ ತಳ್ಳುವುದು, ಅದರಿಂದ 8-6ರ ಮೇಲೆ ಇನ್ನೊಂದು ಥರ್ಡ್ ಸಾಲು ಸಿಗುತ್ತದೆ: 3 ಬಿಟ್ಟು, 4 ಲಿವರ್, 6 ಲಿವರ್, 8 ಬಿಟ್ಟು, 10 ಬಿಟ್ಟು, 11 ಲಿವರ್, 13 ಲಿವರ್, 15 ಬಿಟ್ಟು. ಇದು ಜಿ–ಬಿಯಿಂದಲೇ ಶುರುವಾಗುತ್ತದೆ. ಮೊದಲ ಎರಡು ಮಗ್ಗಿ ಗಟ್ಟಿಯಾಗುವವರೆಗೆ ಇದರ ಕಡೆ ಹೋಗಬೇಡಿ.

ಕಣ್ಣು, ಕಿವಿ, ಬಲಗಾಲು

ಬಾರ್ ಗೆರೆಯ ನೇರ ಮೇಲೆ ನಿಲ್ಲಬೇಕು, ಸಾಮಾನ್ಯ ಗಿಟಾರಿನ ಹಾಗೆ ಗೆರೆಯ ಹಿಂದೆ ಅಲ್ಲ. ತೊಂದರೆ ಏನೆಂದರೆ ನಿಮ್ಮ ಕಣ್ಣು ಎಲ್ಲ ಫ್ರೆಟ್‌ಗಳ ನೇರ ಮೇಲೆ ಇರುವುದಿಲ್ಲ. ಓರೆಯಿಂದ ನೋಡಿದಾಗ ಸರಿ ಕಂಡದ್ದು ಕಿವಿಗೆ ತಪ್ಪಾಗಿರುತ್ತದೆ. ಮೇಲಕ್ಕೆ ಹೋದಂತೆ ಫ್ರೆಟ್‌ಗಳು ಕಿರಿದಾಗುತ್ತವೆ ಬೇರೆ. 13ನೇ ಮನೆಯ ಅಗಲ 1ನೇದರ ಸರಿಯಾಗಿ ಅರ್ಧ. ಹಾಗಾಗಿ 3ನೇ ಫ್ರೆಟ್‌ನಲ್ಲಿ ಕೇಳದೇ ಹೋದ ತಪ್ಪು 13ರಲ್ಲಿ ಚುಚ್ಚುತ್ತದೆ. ಜಿ ಸ್ವರದ ಡ್ರೋನ್ (ತಂಬೂರಿಯ ಹಾಗೆ ಎಡೆಬಿಡದ ಒಂದೇ ಸ್ವರ) ಹಿನ್ನೆಲೆಗೆ ಹಾಕಿಕೊಂಡು ಅಭ್ಯಾಸ ಮಾಡಿ, ಕಿವಿಯೇ ಬಾರನ್ನು ಎಳೆದು ತರುತ್ತದೆ.

ಟ್ಯೂನರ್ ಹೇಳಿದ್ದೆಲ್ಲ ವೇದವಲ್ಲ. ಅಲೆಯಿಲ್ಲದ ಶುದ್ಧ ಮೇಜರ್ ಥರ್ಡ್, ಟ್ಯೂನರ್ ತೋರಿಸುವುದಕ್ಕಿಂತ ಸುಮಾರು 14 ಸೆಂಟ್ (ಅರ್ಧ ಸ್ವರಕ್ಕೆ ನೂರು ಸೆಂಟ್) ಕೆಳಗಿರುತ್ತದೆ. ಅದಕ್ಕೇ ಅನೇಕ ಸ್ಟೀಲ್ ವಾದಕರು ಜಿ ಶಾರ್ಪ್ ತಂತಿಗಳನ್ನು ಸ್ವಲ್ಪ ಇಳಿಸಿಯೇ ಶ್ರುತಿ ಮಾಡುತ್ತಾರೆ. ಜೋಡಿ ಸ್ವರ ಮೀಟಿದಾಗ ವಂಯ್ ವಂಯ್ ಅಂತ ಅಲೆ ಎದ್ದರೆ ಕೈಯನ್ನು ಬೈಯುವ ಮೊದಲು ಶ್ರುತಿ ನೋಡಿ.

ಎಡಗೈಯ ಉಂಗುರ ಬೆರಳು, ಕಿರುಬೆರಳು ಬಾರ್‌ನ ಹಿಂದೆ ತಂತಿಗಳ ಮೇಲೆ ಎಳೆದುಕೊಂಡು ಬರಲಿ. ಇಲ್ಲದಿದ್ದರೆ ಬಾರ್‌ನ ಆಚೆ ಬದಿಯ ತಂತಿಯೂ ಹಾಡಲು ಶುರು ಮಾಡುತ್ತದೆ.

ವಾಲ್ಯೂಮ್ ಪೆಡಲ್ ಬಗ್ಗೆ ನನ್ನದೇ ಕಥೆ. ಮಿಶ್ರ ಹೆಜ್ಜೆ ಬಂದಾಗಲೆಲ್ಲ ನನ್ನ ಬಲಗಾಲು ತಾನಾಗಿಯೇ ಸದ್ದು ಇಳಿಸುತ್ತಿತ್ತು, ತಪ್ಪು ಮುಚ್ಚಿಡಲು. ನುಡಿಸುವಾಗ ಗೊತ್ತೇ ಆಗಿರಲಿಲ್ಲ. ಒಂದು ದಿನ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದರೆ, ಮೆಟ್ಟಿಲು ಹತ್ತಿ ಏದುಸಿರು ಬಿಡುವವರ ಹಾಗೆ ಸದ್ದು ಏರುತ್ತಿದೆ, ಇಳಿಯುತ್ತಿದೆ. ಅಂದಿನಿಂದ ಅಭ್ಯಾಸದ ಮೊದಲ ಭಾಗದಲ್ಲಿ ವಾಲ್ಯೂಮ್ ಪೆಡಲನ್ನು ಅರ್ಧಕ್ಕೆ ಇಟ್ಟು ಕಾಲು ತೆಗೆದುಬಿಡುತ್ತೇನೆ. ನೀವೂ ಹಾಗೇ ಮಾಡಿ. ಆಮೇಲೆ ಬಳಸುವಾಗಲೂ ಮೀಟುವ ಕ್ಷಣಕ್ಕೆ ಅರ್ಧದಲ್ಲಿದ್ದು, ಸದ್ದು ಕರಗುತ್ತಾ ಹೋದಂತೆ ನಿಧಾನಕ್ಕೆ ಒತ್ತುತ್ತಾ ಹೋಗಿ.

ದಿನಕ್ಕೆ ಇಪ್ಪತ್ತು ನಿಮಿಷ

ಐದು ನಿಮಿಷ ಬಲಗೈ ವ್ಯಾಯಾಮ. ಐದು ನಿಮಿಷ ಮಿಶ್ರ ಹೆಜ್ಜೆ ಮಾತ್ರ. ಐದು ನಿಮಿಷ ಪೂರ್ತಿ ಮಗ್ಗಿ, ದಿನಕ್ಕೊಂದು ಪ್ಯಾಟರ್ನ್. ಕೊನೆಯ ಐದು ನಿಮಿಷ ಮನಸ್ಸಿಗೆ ಬಂದ ಹಾಗೆ. ಮೆಟ್ರೊನೋಮ್ 60ರಲ್ಲಿ ಜಾಗಕ್ಕೆ ಎರಡು ಎಣಿಕೆ ಕೊಟ್ಟರೆ ಹತ್ತಲು 16 ಸೆಕೆಂಡ್. ಮೂರು ಸಲ ತಪ್ಪಿಲ್ಲದೆ ಬಂದರೆ 4 ಹೆಚ್ಚಿಸಿ. ತಪ್ಪಿದರೆ 8 ಇಳಿಸಿ. ಹೌದು, ಇಳಿಸುವುದು ಜಾಸ್ತಿಯೇ.

ಕೀ ಬದಲಿಸುವುದು

ಎ ಮೇಜರ್ ಬೇಕಾದರೆ ಪ್ರತಿ ಸಂಖ್ಯೆಗೂ ಎರಡು ಕೂಡಿಸಿ, ಮುಗಿಯಿತು. ಡಿ ಮೇಜರ್‌ಗೆ ಐದು ಕಳೆಯಬೇಕು. ಮೊದಲಿನ ಜಾಗಗಳು ಕೆಳಗೆ ಬಿದ್ದುಹೋಗುತ್ತವೆ, ಹಾಗಾಗಿ ಸಾಲು ಬೇರೆ ಕಡೆಯಿಂದ ಶುರುವಾಗುತ್ತದೆ. 6-5ರ ಮೇಲೆ: 3 ಬಿಟ್ಟು, 5 ಬಿಟ್ಟು, 5 ಒತ್ತಿ, 8 ಬಿಟ್ಟು, 10 ಬಿಟ್ಟು, 10 ಒತ್ತಿ, 12 ಒತ್ತಿ, 15 ಬಿಟ್ಟು.

ಇದನ್ನು ಜಿ ಮಗ್ಗಿಯ ಪಕ್ಕದಲ್ಲಿಟ್ಟು ನೋಡಿ. ಎರಡೂ 3 ಬಿಟ್ಟು, ಬಿ–ಡಿಯಿಂದಲೇ ಹೊರಡುತ್ತವೆ. ಎರಡನೇ ಜಾಗದಲ್ಲಿ ದಾರಿ ಕವಲೊಡೆಯುತ್ತದೆ. ಬಾರ್ ನಿಂತು ಕಾಲು ಒತ್ತಿದರೆ ಸಿ–ಇ, ನೀವು ಜಿಯಲ್ಲಿದ್ದೀರಿ. ಕಾಲು ಸುಮ್ಮನಿದ್ದು ಬಾರ್ ಎರಡು ಫ್ರೆಟ್ ಜಾರಿದರೆ ಸಿ ಶಾರ್ಪ್–ಇ, ನೀವು ಡಿಯಲ್ಲಿದ್ದೀರಿ. ಮೇಲಿನ ಸ್ವರ ಎರಡರಲ್ಲೂ ಒಂದೇ, ಬದಲಾದದ್ದು ಕೆಳಗಿನ ಅರ್ಧ ಸ್ವರ. 3 ಬಿಟ್ಟು ಮೀಟಿ, ಯಾವ ಕೀ ಅಂತ ಮನಸ್ಸಿನಲ್ಲೇ ಗುನುಗಿ, ಆಮೇಲೆ ಹೆಜ್ಜೆ ಇಡಿ. ಒಮ್ಮೆ ಜಿ, ಒಮ್ಮೆ ಡಿ, ಕ್ರಮವಿಲ್ಲದೆ.